ಡೂಮ್ ಗಿಟಾರಿನ ತೂಕ ಎಲ್ಲಿದೆ?

2016ರ ಡೂಮ್ ಅನ್ನುವ ವಿಡಿಯೊ ಗೇಮ್‌ನಲ್ಲಿ ಗಿಟಾರ್ ಬರುವ ರೀತಿಯೇ ಬೇರೆ. ಮೊದಲು ಏನೋ ಗುರುಗುಟ್ಟುತ್ತದೆ. ಅದು ಯಂತ್ರವೋ ಪ್ರಾಣಿಯೋ ಗೊತ್ತಾಗುವುದಿಲ್ಲ. ಆಮೇಲೆ ಡ್ರಮ್ಸ್ ಬಂದು ಬೀಳುತ್ತದೆ, ಅದರ ಜೊತೆಗೇ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಒಂದು ಹೊಡೆತ, ಚೂರು ಮೌನ, ಮತ್ತೆ ಹೊಡೆತ. ಅದರ 'ಬಿಎಫ್‌ಜಿ ಡಿವಿಷನ್' ಹಾಡು ಕೇಳಿದವರಿಗೆ ನಾನು ಯಾವ ಸದ್ದಿನ ಬಗ್ಗೆ ಹೇಳುತ್ತಿದ್ದೇನೆ ಅಂತ ಈಗಾಗಲೇ ಗೊತ್ತಾಗಿರುತ್ತದೆ. ಕಿವಿಗಿಂತ ಮೊದಲು ಎದೆಗೆ ತಾಗುವ ಸದ್ದು ಅದು.

ಆ ಟೋನನ್ನು, ಅಂದರೆ ಸದ್ದಿನ ಆ ಗುಣವನ್ನು, ನನ್ನ ಕೈಯಾರೆ ಕಟ್ಟಬೇಕು ಅನ್ನುವುದು ಬಹಳ ದಿನದ ಆಸೆ. ನನ್ನ ಬಳಿ ಇರುವುದು ಆರು ತಂತಿಯ ಗಿಟಾರ್, ಒಂದು ಕಂಪ್ಯೂಟರ್, ಗಿಟಾರನ್ನು ಅದಕ್ಕೆ ಜೋಡಿಸುವ ಒಂದು ಆಡಿಯೊ ಇಂಟರ್‌ಫೇಸ್, ಒಳ್ಳೆಯ ಹೆಡ್‌ಫೋನ್. ಇಷ್ಟು ಸಾಕು. ಕಟ್ಟುತ್ತಾ ಹೋದಂತೆ ನನಗೆ ಖಚಿತವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಸುತ್ತಲೇ ಇದೆ. ಆ ಸದ್ದಿನ ತೂಕ ಗಿಟಾರಿನಲ್ಲಿ ಇಲ್ಲ. ಇರುವ ತೂಕಕ್ಕೆ ಗಿಟಾರ್ ಅಂಚು ಕೊಡುತ್ತದೆ, ಅಷ್ಟೇ. ತೂಕ ಹೊರುವವರು ಬೇರೆ. ಹಾಗಾಗಿ ಈ ಟೋನ್ ಬೇಕು ಅನ್ನುವವರು ಗಿಟಾರಿನಿಂದ ಒಂದೊಂದನ್ನೇ ತೆಗೆಯಲು ಕಲಿಯಬೇಕು.

ಈ ಸಂಗೀತ ಮಾಡಿದವರು ಆಸ್ಟ್ರೇಲಿಯಾದ ಮಿಕ್ ಗಾರ್ಡನ್. ಇಡ್ ಸಾಫ್ಟ್‌ವೇರ್ ಮಾಡಿದ ಆಟ, ಬಿಡುಗಡೆಯಾಗಿದ್ದು 2016ರ ಮೇ ತಿಂಗಳಲ್ಲಿ. ಮರುವರ್ಷ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಗಾರ್ಡನ್ ತಾವು ಈ ಕೆಲಸ ಮಾಡಿದ್ದು ಹೇಗೆ ಅಂತ ವಿವರವಾಗಿ ಮಾತಾಡಿದರು. ಅದರಲ್ಲಿ ಎಲ್ಲರಿಗೂ ಅಚ್ಚರಿ ತಂದ ಸಂಗತಿ ಒಂದಿದೆ. ಶುರುವಿನಲ್ಲಿ ಅವರಿಗೆ ಬಂದ ಸೂಚನೆ ಗಿಟಾರ್ ಬೇಡ ಅಂತಲೇ ಇತ್ತು. ಡೂಮ್ ಅಂದರೆ ಮೆಟಲ್ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅದನ್ನೇ ಮತ್ತೆ ಮಾಡಿದರೆ ಸವಕಲು ಅನಿಸುತ್ತದೆ ಅನ್ನುವ ಭಯ. ಹಾಗಾಗಿ ಅವರು ವಿದ್ಯುತ್‌ನಿಂದ ಸದ್ದು ಹುಟ್ಟಿಸುವ ಸಿಂಥಸೈಸರ್‌ಗಳಿಂದ ಶುರು ಮಾಡಿದರು.

ಆಟದ ಕಥೆಯಲ್ಲಿ ಆರ್ಜೆಂಟ್ ಎನರ್ಜಿ ಅಂತ ಒಂದು ಶಕ್ತಿ ಇದೆ. ನರಕದಿಂದ ಎಳೆದು ತಂದ ಶಕ್ತಿ, ಮುಟ್ಟಿದ್ದನ್ನೆಲ್ಲ ಕೆಡಿಸುತ್ತದೆ. ಗಾರ್ಡನ್ ಅದನ್ನೇ ಸದ್ದು ಮಾಡುವ ವಿಧಾನವಾಗಿ ಮಾಡಿಕೊಂಡರು. ಒಂದು ಶುದ್ಧ ಸೈನ್ ತರಂಗ. ಅದಕ್ಕಿಂತ ಸರಳವಾದ ಸದ್ದು ಇಲ್ಲ, ಅದರಲ್ಲಿ ಒಂದೇ ಒಂದು ಕಂಪನ ಇರುತ್ತದೆ. ಅದನ್ನು ಪೆಡಲ್, ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವುದು), ಟೇಪ್ ಎಕೋ, ಕಂಪ್ರೆಸರ್ (ಜೋರು-ಮೆಲ್ಲನೆಯ ಅಂತರ ತಗ್ಗಿಸುವುದು) ಇವುಗಳ ಹಲವು ಸಾಲುಗಳಿಗೆ ಒಟ್ಟೊಟ್ಟಿಗೇ ಕಳಿಸಿದರು. ಸ್ವಚ್ಛವಾಗಿ ಒಳಗೆ ಹೋದದ್ದು ಕೆಟ್ಟು ಹೊರಗೆ ಬಂತು. ಈ ಇಡೀ ಜೋಡಣೆಗೆ ಡೂಮ್ ಇನ್‌ಸ್ಟ್ರುಮೆಂಟ್ ಅನ್ನುವ ಹೆಸರೇ ನಿಂತುಬಿಟ್ಟಿದೆ. ಗಿಟಾರ್ ಬಂದದ್ದು ತಿಂಗಳುಗಟ್ಟಲೆ ಆದ ಮೇಲೆ. ಬಂದದ್ದು ಸಾಮಾನ್ಯ ಗಿಟಾರ್ ಅಲ್ಲ, ಒಂಬತ್ತು ತಂತಿಯದ್ದು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಆ ಕ್ರಮ. ಗಿಟಾರ್ ಬರುವ ಹೊತ್ತಿಗೆ ಕೆಳಗಿನ ಜಾಗ ತುಂಬಿತ್ತು. ಅದು ಇನ್ನೊಬ್ಬರ ಮನೆಗೆ ಬಂದ ಹಾಗೆ ಬಂದು, ಉಳಿದ ಜಾಗದಲ್ಲಿ ಕೂತಿತು. ಮಾಮೂಲಿ ಮೆಟಲ್ ರೆಕಾರ್ಡಿಂಗ್‌ನಲ್ಲಿ ಉಲ್ಟಾ ಇರುತ್ತದೆ. ಅಲ್ಲಿ ಗಿಟಾರ್ ಮೊದಲು, ಬೇಸ್ ಅದರ ಅಡಿಯಲ್ಲಿ ಎಲ್ಲೋ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಸಣ್ಣ ಅಡ್ಡಮಾತು. 1993ರ ಮೊದಲ ಡೂಮ್ ಸಂಗೀತವನ್ನು ಬಾಬಿ ಪ್ರಿನ್ಸ್ ಮಾಡಿದ್ದರು. ಅದರಲ್ಲೂ ಗಿಟಾರ್ ರಿಫ್‌ಗಳು ಇದ್ದವು, ಆದರೆ ಗಿಟಾರ್ ಇರಲಿಲ್ಲ. ಅದು ಮಿಡಿ ಸಂಗೀತ, ಅಂದರೆ ಯಾವ ಸ್ವರ ಯಾವಾಗ ಅನ್ನುವ ಸೂಚನೆಗಳು ಮಾತ್ರ. ಆಗಿನ ಬಹುಪಾಲು ಕಂಪ್ಯೂಟರ್‌ಗಳಲ್ಲಿ ಯಮಾಹಾದ ಒಪಿಎಲ್ ಅನ್ನುವ ಸೌಂಡ್ ಚಿಪ್ ಅದನ್ನು ನುಡಿಸುತ್ತಿತ್ತು. ಒಂದು ಸೈನ್ ತರಂಗ ಇನ್ನೊಂದು ಸೈನ್ ತರಂಗವನ್ನು ಅಲುಗಾಡಿಸುವುದು, ಅದರಿಂದ ಡಿಸ್ಟಾರ್ಷನ್ ಗಿಟಾರಿನ ಹೋಲಿಕೆ ಹುಟ್ಟಿಸುವುದು. ಅಂದರೆ ಎರಡೂ ಡೂಮ್‌ಗಳ ಬೇರಿನಲ್ಲಿ ಇರುವುದು ಕೆಡಿಸಿದ ಸೈನ್ ತರಂಗವೇ. ಇದು ಕಾಕತಾಳೀಯವೇ ಇರಬಹುದು, ಆದರೂ ನನಗೆ ತುಂಬಾ ಇಷ್ಟವಾದ ಕಾಕತಾಳೀಯ.

ಸರಿ, ಕೆಲಸಕ್ಕೆ ಬರೋಣ. ಯಾವುದೇ ಟೋನ್ ಕಟ್ಟುವ ಮುಂಚೆ ಅದನ್ನು ಬಿಚ್ಚಿ ನೋಡಬೇಕು. ಇದಕ್ಕೆ ಎರಡು ಸುಲಭ ದಾರಿ ಇವೆ. ಹಾಡನ್ನು ಸಾಫ್ಟ್‌ವೇರ್‌ಗೆ ಹಾಕಿ, 100 ಹರ್ಟ್ಜ್‌ಗಿಂತ (ಸೆಕೆಂಡಿಗೆ 100 ಕಂಪನ) ಕೆಳಗಿನದು ಮಾತ್ರ ಕೇಳುವ ಹಾಗೆ ಫಿಲ್ಟರ್ ಹಾಕಿ. ಈಗ ಕೇಳುವುದು ಕಿಕ್ ಡ್ರಮ್ ಮತ್ತು ಉದ್ದನೆಯ ಒಂದು ಗುಡುಗು. ಅದರಲ್ಲಿ ತಂತಿಯ ಗುಣವೇ ಇಲ್ಲ. ಈಗ ಫಿಲ್ಟರ್ ತಿರುಗಿಸಿ, 100ಕ್ಕಿಂತ ಮೇಲಿನದು ಮಾತ್ರ ಕೇಳಿ. ಗಿಟಾರ್ ಪೂರ್ತಿ ಅಲ್ಲೇ ಇದೆ, ಸಿಟ್ಟೂ ಅಲ್ಲೇ ಇದೆ. ಆದರೆ ಎದೆಗೆ ತಾಗುತ್ತಿದ್ದದ್ದು ಹೋಗಿದೆ.

ಎರಡನೆಯ ದಾರಿ ಇನ್ನೂ ಚೆನ್ನಾಗಿದೆ. ಎಡ ಚಾನೆಲ್‌ನಿಂದ ಬಲ ಚಾನೆಲ್ ಕಳೆಯಿರಿ. ಒಂದರ ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಕೂಡಿಸಿ ಮೊನೊ ಮಾಡಿದರೆ ಅಷ್ಟೇ ಆಗುತ್ತದೆ. ಎರಡೂ ಕಡೆ ಒಂದೇ ಸಮ ಇರುವುದೆಲ್ಲ ಮಾಯವಾಗುತ್ತದೆ. ಕಿಕ್, ಸ್ನೇರ್, ಮಧ್ಯದಲ್ಲಿ ಕೂತ ಬೇಸ್ ಹೋಗುತ್ತವೆ. ಉಳಿಯುವುದು ಬದಿಗಳಲ್ಲಿ ಇದ್ದದ್ದು, ಮುಖ್ಯವಾಗಿ ಗಿಟಾರ್ ಮತ್ತು ರಿವರ್ಬ್ ಅನ್ನುವ ಪ್ರತಿಧ್ವನಿ. ಹೀಗೆ ಕೇಳಿದಾಗ ಗಿಟಾರ್ ಎಷ್ಟು ತೆಳ್ಳಗಿದೆ ಅಂತ ತಿಳಿಯುತ್ತದೆ. ಒಂಟಿಯಾಗಿ ಕೇಳಿದರೆ ಯಾರೂ ಇದನ್ನು ಒಳ್ಳೆಯ ಟೋನ್ ಅನ್ನುವುದಿಲ್ಲ. ಮೂಗಿನಿಂದ ಬಂದ ಹಾಗೆ, ಒರಟಾಗಿ, ಒಣಗಿದ ಹಾಗೆ ಇರುತ್ತದೆ. ನಮಗೆ ಬೇಕಾದ ಗಿಟಾರ್ ಅದೇ.

ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ ಸ್ವಲ್ಪ ಲೆಕ್ಕ ನೋಡಬೇಕು. ಆರು ತಂತಿಯ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಏಳನೆಯ ತಂತಿ ಸೇರಿಸಿದರೆ 62. ಎಂಟನೆಯದು 46. ಒಂಬತ್ತನೆಯ ತಂತಿಯನ್ನು ಸಾಮಾನ್ಯವಾಗಿ ಸಿ ಶಾರ್ಪ್‌ಗೆ ಶ್ರುತಿ ಮಾಡುತ್ತಾರೆ, ಅದು 35 ಹರ್ಟ್ಜ್ ಹತ್ತಿರ ಬರುತ್ತದೆ. ಈಗ ಮೆಟಲ್‌ನಲ್ಲಿ ಎಲ್ಲರೂ ಬಳಸುವ ಸ್ಪೀಕರ್ ಸೆಲೆಸ್ಟಿಯನ್ ವಿಂಟೇಜ್ 30 ಅಂತಿಟ್ಟುಕೊಳ್ಳಿ. ಅದರ ವ್ಯಾಪ್ತಿ 70ರಿಂದ 5,000 ಹರ್ಟ್ಜ್. ಅಂದರೆ ಒಂಬತ್ತನೆಯ ತಂತಿಯ ಮೂಲ ಕಂಪನ ಗಿಟಾರ್ ಸ್ಪೀಕರಿನಿಂದ ಸರಿಯಾಗಿ ಹೊರಗೆ ಬರುವುದೇ ಇಲ್ಲ!

ಆದರೂ ನಮಗೆ ಆ ಸ್ವರ ಕೇಳುತ್ತದೆ. 35 ಬಾರದಿದ್ದರೂ ಅದರ ಎರಡರಷ್ಟು 70, ಮೂರರಷ್ಟು 105, ನಾಲ್ಕರಷ್ಟು 140 ಬರುತ್ತವೆ. ಇವುಗಳ ನಡುವಿನ ಅಂತರ ನೋಡಿ ಮಿದುಳು ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲೂ ಈ ರಿಫ್ ಕೆಳಗಿದೆ ಅಂತ ಗೊತ್ತಾಗುವುದು ಇದರಿಂದಲೇ. ಡಿಸ್ಟಾರ್ಷನ್ ಇಲ್ಲದಿದ್ದರೆ ಈ ಹಾರ್ಮೋನಿಕ್‌ಗಳು (ಎರಡರಷ್ಟು, ಮೂರರಷ್ಟು ಕಂಪನಗಳು) ಇಷ್ಟು ಜೋರಾಗಿ ಇರುತ್ತಿರಲಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆ ಇಡುತ್ತಾರಲ್ಲ, ಅದು ಕೂತ ಕೂಡಲೇ ಬೋಳು ತಂತಿಯ ನಾದ ಝೇಂಕರಿಸಿ ಮೇಲಿನ ಸ್ವರಗಳೆಲ್ಲ ಎದ್ದು ನಿಲ್ಲುತ್ತವೆ. ಹೈ-ಗೇನ್ ಆಂಪ್ (ಸಿಗ್ನಲನ್ನು ಬಹಳ ವರ್ಧಿಸುವ ಆಂಪ್ಲಿಫೈಯರ್) ಮಾಡುವುದು ಆ ಜಾತಿಯ ಕೆಲಸವನ್ನೇ, ಆದರೆ ಬಹಳ ಒರಟಾಗಿ.

ಹಾಗಾದರೆ ಸ್ವರ ಯಾವುದು ಅಂತ ಹೇಳುವ ಕೆಲಸ ಗಿಟಾರಿನದು. ನಿಜವಾದ 35 ಹರ್ಟ್ಜ್ ಗಾಳಿಯನ್ನು ತಳ್ಳುವ ಕೆಲಸ ಸಿಂಥ್‌ನದು. ಇಬ್ಬರ ಕೆಲಸ ಬೇರೆ ಬೇರೆ. ಒಬ್ಬರ ಕೆಲಸ ಇನ್ನೊಬ್ಬರು ಮಾಡಲು ಹೋದರೆ ಎರಡೂ ಕೆಡುತ್ತವೆ.

ಷಡ್ಜ-ಪಂಚಮದ ಲೆಕ್ಕ ಇನ್ನೂ ಸೊಗಸಾಗಿದೆ. ಮೆಟಲ್‌ನಲ್ಲಿ ಪವರ್ ಕಾರ್ಡ್ ಅನ್ನುವುದು ಬರೀ ಸ ಮತ್ತು ಪ. 82 ಹರ್ಟ್ಜ್ ಸ ಮತ್ತು 123 ಹರ್ಟ್ಜ್ ಪ ಒಟ್ಟಿಗೆ ಡಿಸ್ಟಾರ್ಷನ್‌ಗೆ ಹೋದಾಗ ಅವುಗಳ ವ್ಯತ್ಯಾಸವೂ ಹೊಸ ಸ್ವರವಾಗಿ ಹುಟ್ಟುತ್ತದೆ. 123ರಲ್ಲಿ 82 ಕಳೆದರೆ 41. ಅದು ಸ-ನ ಕೆಳಗಿನ ಸ್ಥಾಯಿಯ ಸ! ಯಾರೂ ನುಡಿಸದ ಮಂದ್ರ ಷಡ್ಜ ತಾನಾಗಿ ಬಂದು ಕೂರುತ್ತದೆ. ಅದೇ ಗಾಂಧಾರ ಸೇರಿಸಿ ಪೂರ್ತಿ ಕಾರ್ಡ್ ನುಡಿಸಿ ನೋಡಿ, ಒಂದಕ್ಕೊಂದು ಹೊಂದದ ವ್ಯತ್ಯಾಸಗಳು ಹುಟ್ಟಿ ಎಲ್ಲ ಕಲಸಿಹೋಗುತ್ತದೆ. ಮೆಟಲ್‌ನವರು ಎರಡೇ ಸ್ವರಕ್ಕೆ ಅಂಟಿಕೊಂಡಿರುವುದು ಸೋಮಾರಿತನದಿಂದ ಅಲ್ಲ. ಡಿಸ್ಟಾರ್ಷನ್ ಉಳಿದದ್ದನ್ನು ಸಹಿಸುವುದಿಲ್ಲ.

ಈಗ ಗಿಟಾರಿಗೆ ಬರೋಣ. ಒಂಬತ್ತು ತಂತಿ ಇಲ್ಲದವರು ಏನು ಮಾಡಬೇಕು? ತಂತಿ ಸಡಿಲಿಸಿ ಕೆಳಗೆ ಇಳಿಸಬಹುದು, ಆದರೆ ಅದಕ್ಕೆ ಮಿತಿ ಇದೆ. ತಂತಿಯ ಬಿಗಿತ ಕಂಪನದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 82ರಿಂದ 69ಕ್ಕೆ, ಅಂದರೆ ಬರೀ ಮೂರು ಅರ್ಧಸ್ವರದ ಮೆಟ್ಟಿಲು ಇಳಿಸಿದರೂ ಬಿಗಿತ ಸುಮಾರು 30 ಶೇಕಡ ಕಡಿಮೆಯಾಗುತ್ತದೆ. ತಂತಿ ಜೋತುಬೀಳುತ್ತದೆ. ಅದನ್ನು ಸರಿ ಮಾಡಲು 46ರ (ಇಂಚಿನ ಸಾವಿರದಲ್ಲಿ 46 ಪಾಲು ದಪ್ಪದ) ತಂತಿ ತೆಗೆದು 54 ಅಥವಾ 56ರದ್ದು ಹಾಕಬೇಕು. ನಾನು ಅಷ್ಟಕ್ಕೆ ನಿಲ್ಲಿಸಿ, ಉಳಿದ ಒಂದು ಸ್ಥಾಯಿಯನ್ನು ಸಾಫ್ಟ್‌ವೇರಿನಲ್ಲಿ ಇಳಿಸುತ್ತೇನೆ. ಆಂಪ್‌ಗೆ ಹೋಗುವ ಮೊದಲು, ಹಸಿ ಡಿಐ ಸಿಗ್ನಲ್ (ಗಿಟಾರಿನಿಂದ ನೇರವಾಗಿ ಬಂದದ್ದು) ಮೇಲೆ. ಡಿಸ್ಟಾರ್ಷನ್ ಆದ ಮೇಲೆ ಇಳಿಸಿದರೆ ಇಡೀ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಕೆಳಗೆ ಇಳಿದ ಹಾಗಾಗಿ ಗಿಟಾರ್ ಅನಿಸುವುದೇ ಇಲ್ಲ.

ಹೀಗೆ ಇಳಿಸಿದಾಗ ಒಂದು ತೊಂದರೆ ಇದೆ. ಪಿಕ್ ತಂತಿಗೆ ತಾಗುವ ಆ ಚಿಟ್ ಸದ್ದು ಮಸುಕಾಗುತ್ತದೆ. ಡೂಮ್ ರಿಫ್‌ನ ಅರ್ಧ ಜೀವ ಅದೇ ಅಲ್ವಾ? ಅದಕ್ಕೆ ಮೂಲ ಡಿಐ ಅನ್ನೂ ಇಟ್ಟುಕೊಂಡು, ಅದರಲ್ಲಿ 2,000 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಕತ್ತರಿಸಿ, ಉಳಿದ ಚೂರನ್ನು ಇಳಿಸಿದ ಸಿಗ್ನಲ್ ಜೊತೆ ಸೇರಿಸುತ್ತೇನೆ. ಬೇಕಾದಷ್ಟೇ, ಸ್ವಲ್ಪ. ಎರಡೂ ಕೂಡಿ ಆಂಪ್‌ಗೆ ಹೋಗುತ್ತವೆ.

ಆಂಪ್‌ಗೂ ಮುಂಚೆ ಒಂದು ಟ್ಯೂಬ್ ಸ್ಕ್ರೀಮರ್ ಬೇಕು. ಐಬನೆಜ್ ಕಂಪನಿಯ ಈ ಹಸಿರು ಪೆಡಲ್ 1970ರ ದಶಕದ ಕೊನೆಯಲ್ಲಿ ಬಂದದ್ದು, ಬ್ಲೂಸ್ ನುಡಿಸುವವರಲ್ಲಿ ಹೆಸರಾದದ್ದು. ಮೆಟಲ್‌ನವರು ಅದನ್ನು ಬಳಸುವ ರೀತಿ ಬೇರೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಅಂದರೆ ಡಿಸ್ಟಾರ್ಷನ್ ಪೆಡಲಿನಿಂದ ಡಿಸ್ಟಾರ್ಷನ್ ಬೇಡ. ಬೇಕಾದದ್ದು ಅದು ಬೇಸ್ ತೆಗೆಯುವ ಗುಣ. ಅದರ ಸರ್ಕ್ಯೂಟ್ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಕ್ರಮೇಣ ಕಡಿಮೆ ಗೇನ್ ಕೊಡುತ್ತದೆ.

ಬೇಸ್ ಮೊದಲೇ ತೆಗೆಯಬೇಕು ಯಾಕೆ? ಕೆಳಗಿನ ಸ್ವರದ ಅಲೆ ದೊಡ್ಡದು, ನಿಧಾನದ್ದು. ಮೇಲಿನ ಹಾರ್ಮೋನಿಕ್‌ಗಳು ಅದರ ಬೆನ್ನ ಮೇಲೆ ಸಣ್ಣ ಅಲೆಗಳಾಗಿ ಕೂತಿರುತ್ತವೆ. ಆಂಪ್ ಒಂದು ಎತ್ತರದಲ್ಲಿ ಅಲೆಯ ತಲೆ ಕತ್ತರಿಸುತ್ತದೆ. ದೊಡ್ಡ ಅಲೆ ಆ ಮಿತಿಗೆ ತಾಗಿದಾಗೆಲ್ಲ ಅದರ ಬೆನ್ನ ಮೇಲಿದ್ದ ಸಣ್ಣ ಅಲೆಗಳೂ ಸೇರಿ ಹೋಗುತ್ತವೆ. ಆಗ ಕೇಳುವುದು ಕೊಳಕು ಗೊರಗೊರ. ಬೇಸ್ ಮೊದಲೇ ತೆಗೆದರೆ ಸಣ್ಣ ಅಲೆಗಳಿಗೆ ಆಂಪ್ ಒಳಗೆ ಜಾಗ ಸಿಗುತ್ತದೆ, ಸದ್ದು ಟೈಟ್ ಆಗುತ್ತದೆ. ಬೇಸ್ ಬೇಕು ಅನಿಸಿದರೆ ಡಿಸ್ಟಾರ್ಷನ್ ಆದ ಮೇಲೆ ಸೇರಿಸಬಹುದು. ಡಿಸ್ಟಾರ್ಷನ್‌ಗೆ ಮೊದಲು ಈಕ್ಯೂ (ಯಾವ ಕಂಪನ ಎಷ್ಟಿರಬೇಕು ಅನ್ನುವ ಹೊಂದಾಣಿಕೆ) ಮಾಡುವುದಕ್ಕೂ ಆಮೇಲೆ ಮಾಡುವುದಕ್ಕೂ ಅಜಗಜಾಂತರ ಇದೆ. ಮೊದಲು ಮಾಡಿದರೆ ಡಿಸ್ಟಾರ್ಷನ್ ಹೇಗಿರಬೇಕು ಅಂತ ನಿರ್ಧಾರವಾಗುತ್ತದೆ. ಆಮೇಲೆ ಮಾಡಿದರೆ ಆದ ಡಿಸ್ಟಾರ್ಷನ್‌ನ ಬಣ್ಣ ಮಾತ್ರ ಬದಲಾಗುತ್ತದೆ. ಈ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಹೈ-ಗೇನ್ ಟೋನಿನ ಬಹಳಷ್ಟು ಗೊಂದಲ ತಾನಾಗಿ ಕರಗುತ್ತದೆ.

ಆಂಪ್ ಯಾವುದು ಅನ್ನುವುದಕ್ಕೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಅದು ಅಷ್ಟು ದೊಡ್ಡ ವಿಷಯ ಅನಿಸುವುದಿಲ್ಲ. 1992ರಲ್ಲಿ ಬಂದ ಪೀವಿ 5150 ಜಾತಿಯದ್ದೋ, ಮೆಸಾ ಬೂಗಿಯ ಡ್ಯುಯಲ್ ರೆಕ್ಟಿಫೈಯರ್ ಜಾತಿಯದ್ದೋ ಸಾಕು. ಎರಡನ್ನೂ ಕಂಪ್ಯೂಟರಿನಲ್ಲಿ ಅನುಕರಿಸುವ ಪ್ಲಗಿನ್‌ಗಳೂ ಬೇಕಾದಷ್ಟು ಇವೆ. ನ್ಯೂರಲ್ ಆಂಪ್ ಮಾಡೆಲರ್ ಅಂತ ಉಚಿತವಾಗಿ ಸಿಗುವ ಓಪನ್ ಸೋರ್ಸ್ ಪ್ಲಗಿನ್ ಕೂಡ ಇದೆ. ನಿಜವಾದ ಆಂಪ್‌ಗಳ ನಡವಳಿಕೆಯನ್ನು ನ್ಯೂರಲ್ ನೆಟ್‌ವರ್ಕ್ ಕಲಿತು ಅನುಕರಿಸುತ್ತದೆ. 5150 ಮಾದರಿಯಲ್ಲಿ ನಾನು ಗೇನ್ ಅನ್ನು ಅರ್ಧಕ್ಕಿಂತ ಕೆಳಗೇ ಇಡುತ್ತೇನೆ. ಒಂಟಿಯಾಗಿ ಕೇಳಿದರೆ ಕಡಿಮೆ ಅನಿಸುತ್ತದೆ. ಆದರೆ ಹಲವು ಟ್ರ್ಯಾಕ್ ಸೇರಿದಾಗ ಗೇನ್ ಕೂಡುತ್ತಾ ಹೋಗುತ್ತದೆ, ಪಿಕ್‌ನ ಪೆಟ್ಟು ಮಾತ್ರ ಕೂಡುವುದಿಲ್ಲ. ಪೆಟ್ಟು ಉಳಿಯಬೇಕಾದರೆ ಪ್ರತಿ ಟ್ರ್ಯಾಕಿನಲ್ಲೂ ಗೇನ್ ಕಡಿಮೆ ಇರಬೇಕು.

ಮಿಡ್ಸ್ (ನಡುವಿನ ಕಂಪನಗಳು) ಮಾತ್ರ ದಯವಿಟ್ಟು ಕಡಿಮೆ ಮಾಡಬೇಡಿ. ಒಬ್ಬರೇ ಕೂತು ನುಡಿಸುವಾಗ ಮಿಡ್ಸ್ ತೆಗೆದು ಬೇಸ್, ಟ್ರೆಬಲ್ ಏರಿಸಿದರೆ ಖುಷಿಯಾಗುತ್ತದೆ ನಿಜ. ಡ್ರಮ್ಸ್ ಬಂದ ಕೂಡಲೇ ಬೇಸ್ ಅನ್ನು ಕಿಕ್ ನುಂಗುತ್ತದೆ, ಟ್ರೆಬಲ್ ಅನ್ನು ಸಿಂಬಲ್ ನುಂಗುತ್ತದೆ. ಗಿಟಾರಿಗೆ ಏನೂ ಉಳಿಯುವುದಿಲ್ಲ.

ಇನ್ನು ಮೌನ. ಈ ಸಂಗೀತದಲ್ಲಿ ಹೊಡೆತಗಳಷ್ಟೇ ಮುಖ್ಯ ಅವುಗಳ ನಡುವಿನ ಖಾಲಿ ಜಾಗ. ರಿಫ್ ನಿಂತಾಗ ಸದ್ದು ಕತ್ತರಿಸಿದ ಹಾಗೆ ನಿಲ್ಲಬೇಕು, ಬಾಲ ಇರಬಾರದು. ಅಲ್ಲಿ ಸ್ವಲ್ಪ ಗುಂಯ್ ಅಂತ ಉಳಿದರೂ ಮುಂದಿನ ಹೊಡೆತದ ಬಲ ಹೋಗುತ್ತದೆ. ಹೈ-ಗೇನ್ ಆಂಪ್ ಸುಮ್ನೆ ಬಿಟ್ಟರೆ ಸುಯ್ ಅಂತ ಸದ್ದು ಮಾಡುತ್ತಲೇ ಇರುತ್ತದೆ. ಅದಕ್ಕೆ ನಾಯ್ಸ್ ಗೇಟ್ ಬೇಕು, ಅಂದರೆ ನುಡಿಸುವುದು ನಿಂತಾಗ ಸದ್ದನ್ನು ಮುಚ್ಚುವ ಬಾಗಿಲು. ಗೇಟ್ ಇರಬೇಕಾದದ್ದು ಆಂಪ್ ಆದ ಮೇಲೆ, ಆದರೆ ಅದು ಗಮನಿಸಬೇಕಾದದ್ದು ಆಂಪ್‌ಗೆ ಮುಂಚಿನ ಹಸಿ ಸಿಗ್ನಲ್. ಕಾರಣ ಸರಳ. ಡಿಸ್ಟಾರ್ಷನ್ ಆದ ಮೇಲೆ ಜೋರು ಸದ್ದೂ ಮೆಲ್ಲನೆಯ ಸದ್ದೂ ಒಂದೇ ಎತ್ತರಕ್ಕೆ ಬಂದಿರುತ್ತವೆ. ಎಲ್ಲಿ ಮುಚ್ಚಬೇಕು ಅಂತ ಗೇಟ್‌ಗೆ ತಿಳಿಯುವುದಿಲ್ಲ. ಹಸಿ ಸಿಗ್ನಲ್‌ನಲ್ಲಿ ತಂತಿ ನುಡಿಯುತ್ತಿದೆಯೋ ನಿಂತಿದೆಯೋ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ಸೈಡ್‌ಚೈನ್ ಕೊಟ್ಟರೆ ಗೇಟ್ ಕತ್ತರಿಯ ಹಾಗೆ ಕೆಲಸ ಮಾಡುತ್ತದೆ.

ಆದರೂ ಗೇಟ್ ಅರ್ಧ ಕೆಲಸ ಮಾಡುತ್ತದೆ ಅಷ್ಟೇ. ಉಳಿದರ್ಧ ಕೈಯದು. ಬಲಗೈಯ ಅಂಗೈ ಅಂಚು ಬ್ರಿಡ್ಜ್ ಮೇಲೆ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ನುಡಿಸುವುದು) ನಿಂತಿದೆ. ಒಂದು ಕೂದಲು ಮುಂದೆ ಹೋದರೆ ಸ್ವರ ಸತ್ತು ಬರೀ ದಡ್ ಉಳಿಯುತ್ತದೆ. ಹಿಂದೆ ಬಂದರೆ ತಂತಿ ಬಾಯಿ ಬಿಡುತ್ತದೆ. ಎಡಗೈಯ ಬೆರಳುಗಳು ನುಡಿಸದ ತಂತಿಗಳನ್ನೆಲ್ಲ ಮುಟ್ಟಿಕೊಂಡು ಇರಬೇಕು. ಮತ್ತೆ ಪಿಕ್ ಹಿಡಿಯುವ ಕೋನ. ತಂತಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಉಜ್ಜಿದ ಹಾಗೆ ಒಂದು ಗರಗಸದ ಸದ್ದು ಬರುತ್ತದೆ. ಡೂಮ್‌ಗೆ ಅದು ಬೇಕೇ ಬೇಕು. ಇದನ್ನು ಯಾವ ಪ್ಲಗಿನ್ನೂ ಕೊಡುವುದಿಲ್ಲ. ಒಂದೇ ಪ್ರೀಸೆಟ್ ಇಟ್ಟುಕೊಂಡು ಇಬ್ಬರು ನುಡಿಸಿದರೆ ಎರಡು ಬೇರೆ ಆಂಪ್ ಅನಿಸುವುದು ಇದೇ ಕಾರಣಕ್ಕೆ.

ಹಣ, ಸಮಯ ಎಲ್ಲಿ ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಆಂಪ್ ಬಿಟ್ಟು ಕ್ಯಾಬಿನೆಟ್ ಕಡೆ ಕೈ ತೋರಿಸುತ್ತೇನೆ. ಆಂಪ್‌ನಿಂದ ನೇರವಾಗಿ ಬರುವ ಸದ್ದನ್ನು ಒಮ್ಮೆ ಕೇಳಿ ನೋಡಿ. ಸೊಳ್ಳೆಗಳನ್ನು ಡಬ್ಬಿಯಲ್ಲಿ ಹಾಕಿದ್ದಾರೆ ಅನಿಸುತ್ತದೆ. ಅದನ್ನು ಗಿಟಾರ್ ಅನಿಸುವ ಹಾಗೆ ಮಾಡುವುದು ಸ್ಪೀಕರ್. 5,000 ಹರ್ಟ್ಜ್ ದಾಟಿದ ಮೇಲೆ ಅದು ಸದ್ದನ್ನು ಕಡಿದಾಗಿ ಇಳಿಸುತ್ತದೆ, ಕರಕರ ಎಲ್ಲ ಹೋಗುತ್ತದೆ. ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವುದು ಇಂಪಲ್ಸ್ ರೆಸ್ಪಾನ್ಸ್, ಐಆರ್ ಅಂತ ಕರೆಯುತ್ತಾರೆ. ಕ್ಯಾಬಿನೆಟ್, ಮೈಕ್, ಕೋಣೆ ಮೂರೂ ಸೇರಿ ಸದ್ದನ್ನು ಹೇಗೆ ಬದಲಾಯಿಸುತ್ತವೆ ಅನ್ನುವುದರ ಒಂದು ಪುಟ್ಟ ಅಚ್ಚು ಅದು.

ಮೈಕ್ ಅಂದರೆ ಸಾಮಾನ್ಯವಾಗಿ 1965ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ57. ಸ್ಪೀಕರಿನ ನಟ್ಟನಡುವೆ ಇಟ್ಟರೆ ಸದ್ದು ಚೂಪು. ಅಂಚಿನ ಕಡೆಗೆ ಸರಿಸಿದಂತೆ ಮಂದ. ಬೆರಳಿನ ಅಗಲದಷ್ಟು ಸರಿದರೂ ಟೋನ್ ಪೂರಾ ಬದಲಾಗುತ್ತದೆ. ಒಂದೇ ಕ್ಯಾಬಿನೆಟ್‌ನ ಹತ್ತಾರು ಐಆರ್‌ಗಳು ಒಂದೇ ಫೋಲ್ಡರಿನಲ್ಲಿ ಇರುವುದು ಇದಕ್ಕೇ. ನಾನು ಆರಿಸುವಾಗ ಗಿಟಾರನ್ನು ಒಂಟಿಯಾಗಿ ಕೇಳುವುದಿಲ್ಲ. ಡ್ರಮ್ಸ್ ಮತ್ತು ಸಿಂಥ್ ಓಡುತ್ತಿರುವಾಗಲೇ ಬದಲಾಯಿಸುತ್ತಾ ಹೋಗುತ್ತೇನೆ. ಒಂಟಿಯಾಗಿ ಚೆಂದ ಕಂಡದ್ದು ಗುಂಪಿನಲ್ಲಿ ಕಾಣೆಯಾಗುತ್ತದೆ, ಒಂಟಿಯಾಗಿ ಕಿರಿಕಿರಿ ಅನಿಸಿದ್ದು ಗುಂಪಿನಲ್ಲಿ ಸರಿಯಾಗಿ ಕೂರುತ್ತದೆ. ಹೋಲಿಸುವಾಗ ಎಲ್ಲದರ ವಾಲ್ಯೂಮ್ ಸಮ ಮಾಡಿಕೊಳ್ಳುವುದು ತುಂಬಾ ಮುಖ್ಯ. ಒಂದು ಡೆಸಿಬಲ್ ಜಾಸ್ತಿ ಇದ್ದರೂ ಕಿವಿ ಅದನ್ನೇ ಒಳ್ಳೆಯದು ಅನ್ನುತ್ತದೆ.

ಐಆರ್ ಆದ ಮೇಲೆ 100 ಹರ್ಟ್ಜ್ ಕೆಳಗೆ ಕತ್ತರಿಸುತ್ತೇನೆ. ಮೇಲೆ 8,000ದ ಹತ್ತಿರ. 4,000ದ ಆಸುಪಾಸಿನಲ್ಲಿ ಒಂದು ಸಿಳ್ಳೆ ಇರುತ್ತದೆ, ಅದನ್ನು ಹುಡುಕಿ ಕಿರಿದಾಗಿ ಇಳಿಸಿದರೆ ಸಾಕು. ಪಾಮ್ ಮ್ಯೂಟ್ ಮಾಡಿದಾಗ 100ರಿಂದ 250ರ ನಡುವೆ ಉಬ್ಬುತ್ತದೆ. ಅಲ್ಲಿಗೆ ಮಾತ್ರ ಮಲ್ಟಿಬ್ಯಾಂಡ್ ಕಂಪ್ರೆಸರ್ ಹಾಕುತ್ತೇನೆ. ರಿಫನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದು ಎಡಕ್ಕೆ, ಒಂದು ಬಲಕ್ಕೆ. ಕಾಪಿ ಮಾಡಿ ಅಂಟಿಸಿದರೆ ಅದು ಅಗಲ ಆಗುವುದಿಲ್ಲ, ಮಧ್ಯಕ್ಕೇ ಬಂದು ಕೂರುತ್ತದೆ.

ಇಲ್ಲಿಗೆ ಗಿಟಾರ್ ಮುಗಿಯಿತು. ಕೇಳಿದರೆ ಬಡಕಲಾಗಿದೆ. ಈಗ ತೂಕ ತರಬೇಕು.

ಒಂದು ಸಿಂಥ್ ತೆರೆದು ರಿಫ್‌ನ ಸ್ವರಗಳನ್ನೇ ಸೈನ್ ತರಂಗದಲ್ಲಿ ಬರೆಯುತ್ತೇನೆ. ಅದನ್ನು ಒಂದೇ ಸಾಲಿನಲ್ಲಿ ಕೆಡಿಸಿದರೆ ಸಾಲದು. ಗಾರ್ಡನ್ ಮಾಡಿದ ಹಾಗೆ ಬೇರೆ ಬೇರೆ ಸಾಲುಗಳಿಗೆ ಕಳಿಸಬೇಕು. ನನ್ನಲ್ಲಿ ಮೊದಲ ಸಾಲು ಸ್ವಚ್ಛವಾಗಿಯೇ ಉಳಿಯುತ್ತದೆ, 35ರಿಂದ 80 ಹರ್ಟ್ಜ್ ಅದರ ಜಾಗ. ಇನ್ನೊಂದಕ್ಕೆ ಫಜ್ ಅನ್ನುವ ಒರಟು ಡಿಸ್ಟಾರ್ಷನ್. ಇನ್ನೊಂದಕ್ಕೆ ಡಿಜಿಟಲ್ ಸದ್ದನ್ನು ಒಡ್ಡಾಗಿಸುವ ಬಿಟ್ ಕ್ರಷರ್, ಮೇಲೆ ಫಿಲ್ಟರ್. ಕೊನೆಯದಕ್ಕೆ ಟೇಪ್ ಎಕೋ ಮತ್ತು ಅದರ ಮೇಲೆ ಡಿಸ್ಟಾರ್ಷನ್, ಆ ಕ್ರಮದಲ್ಲೇ. ಎಕೋ ಆದ ಮೇಲೆ ಕೆಡಿಸಿದರೆ ಹಳೆಯ ಸ್ವರದ ಬಾಲವೂ ಹೊಸ ಸ್ವರವೂ ಒಟ್ಟಿಗೆ ಜಜ್ಜಿಕೊಳ್ಳುತ್ತವೆ. ಆ ಗುರುಗುಟ್ಟುವಿಕೆ ಅಲ್ಲಿಂದ ಹುಟ್ಟುತ್ತದೆ. ಜೊತೆಗೆ ಸ್ವಲ್ಪ ವೈಟ್ ನಾಯ್ಸ್, ಸ್ವರ ಶುರುವಾಗುವ ಕ್ಷಣಕ್ಕೆ ಮಾತ್ರ. ಆಮೇಲೆ ಎಲ್ಲ ಸಾಲುಗಳನ್ನೂ ಒಂದು ಕಂಪ್ರೆಸರ್ ಒಳಗೆ ತಳ್ಳುತ್ತೇನೆ. ಒಂದು ಏರಿದರೆ ಇನ್ನೊಂದು ತಗ್ಗಬೇಕು. ಹಾಗೆ ಒಂದನ್ನೊಂದು ತುಳಿಯುವಾಗ ಸದ್ದಿಗೆ ಉಸಿರು ಬರುತ್ತದೆ. ಬೇರೆ ಬೇರೆ ಪದರಗಳು ಅನಿಸದೆ ಒಂದೇ ಜೀವ ಅನಿಸುತ್ತದೆ.

ಕಂಪ್ಯೂಟರಿನಲ್ಲಿ ಇಷ್ಟು ಕೆಡಿಸುವಾಗ ಒಂದು ಎಚ್ಚರ ಬೇಕು. ಡಿಸ್ಟಾರ್ಷನ್ ಹೊಸ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ, ಆದರೆ 48,000 ಸ್ಯಾಂಪಲ್ ದರದಲ್ಲಿ (ಸದ್ದನ್ನು ಸೆಕೆಂಡಿಗೆ ಅಷ್ಟು ಸಲ ಅಳೆಯುವಾಗ) 24,000 ಹರ್ಟ್ಜ್‌ಗಿಂತ ಮೇಲಿನದಕ್ಕೆ ಜಾಗ ಇಲ್ಲ. ಅದು ಮಡಚಿಕೊಂಡು ಕೆಳಗೆ ಬರುತ್ತದೆ. 5,000 ಹರ್ಟ್ಜ್‌ನ ಏಳನೆಯ ಹಾರ್ಮೋನಿಕ್ 35,000. ಅದು ವಾಪಸ್ ಬಂದು 13,000ದಲ್ಲಿ ಕೂರುತ್ತದೆ, ಯಾವ ಸ್ವರಕ್ಕೂ ಸಂಬಂಧ ಇಲ್ಲದೆ. ಸದ್ದಿನ ಮೇಲೆ ಗಾಜಿನ ಪುಡಿ ಉದುರಿಸಿದ ಹಾಗೆ ಕೇಳುತ್ತದೆ. ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಹಾಕುವುದು) ಇದ್ದರೆ ಹಾಕಿಕೊಳ್ಳಿ. ಬಿಟ್ ಕ್ರಷರ್ ಸಾಲಿನಲ್ಲಿ ಮಾತ್ರ ನಾನು ಇದನ್ನು ಬೇಕೆಂದೇ ಬಿಡುತ್ತೇನೆ, ಅಲ್ಲಿ ಆ ಪುಡಿಯೇ ರುಚಿ.

ಈಗ ಗಿಟಾರ್ ಟ್ರ್ಯಾಕಿನ ಮ್ಯೂಟ್ ತೆಗೆದಾಗ ಆಗುವುದು ನನಗೆ ಪ್ರತಿ ಸಲವೂ ಮೈ ಜುಮ್ ಅನಿಸುತ್ತದೆ. ಅದೇ ಬಡಕಲು ಗಿಟಾರ್ ಸಿಂಥ್ ಮೇಲೆ ಕೂತ ಕೂಡಲೇ ಬೆಟ್ಟದಷ್ಟಾಗುತ್ತದೆ. ಗಿಟಾರಿನಲ್ಲಿ ಏನೂ ಬದಲಾಗಿಲ್ಲ. ಆದರೆ ಕಿವಿ ಎರಡನ್ನೂ ಬೆಸೆದು, ಇಷ್ಟೆಲ್ಲ ತಂತಿಯಿಂದಲೇ ಬಂತು ಅಂತ ನಂಬುತ್ತದೆ. ಕಿಕ್ ಬಿದ್ದಾಗಲೆಲ್ಲ ಸೈನ್ ಸಾಲು ಒಂದು ಕ್ಷಣ ತಗ್ಗುವ ಹಾಗೆ ಸೈಡ್‌ಚೈನ್ ಮಾಡಿದರೆ ಡ್ರಮ್ಸ್ ಕೂಡ ಅದೇ ದೇಹದ ಭಾಗವಾಗುತ್ತದೆ.

ಹೆಡ್‌ಫೋನಿನಲ್ಲಿ ಮೂಲ ಹಾಡಿನ ಪಕ್ಕ ಇಟ್ಟು ಕೇಳುವಾಗ ಇನ್ನೂ ಒಂದು ಮಾತು ನೆನಪಿಡಬೇಕು. ಆಟದೊಳಗೆ ಈ ಸಂಗೀತ ನೆಟ್ಟಗೆ ಒಂದು ಹಾಡಾಗಿ ಓಡುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿದ್ದಾರೆ. ಕಾದಾಟದ ಬಿಸಿ ನೋಡಿ ಆಟವೇ ತುಂಡುಗಳನ್ನು ಆರಿಸಿ ಜೋಡಿಸುತ್ತದೆ. ಯಾವ ತುಂಡಿನ ಹಿಂದೆ ಯಾವುದು ಬಂದರೂ ಹೊಂದಬೇಕು. ಅಷ್ಟು ಚೊಕ್ಕವಾಗಿ ಕತ್ತರಿಸಿದ ಮೌನಗಳು, ಅಷ್ಟು ನೇರವಾದ ಹೊಡೆತಗಳು ಆ ಜೋಡಣೆಗೂ ಅನುಕೂಲ. ಜೊತೆಗೆ ಬಂದೂಕು, ಚೀರಾಟ, ಸ್ಫೋಟ ಎಲ್ಲ ಇರುತ್ತವೆ. ಅವಕ್ಕೂ ಜಾಗ ಬಿಟ್ಟುಕೊಡುವ ಗಿಟಾರ್ ಇದು. ಬರೀ ಆಲ್ಬಮ್ ಕೇಳಿ ಟೋನ್ ಕಟ್ಟುವವರು ಒಮ್ಮೆ ಆಟವನ್ನೂ ಆಡಿ ನೋಡಬೇಕು ಅಂತ ನನಗೆ ಅನಿಸುತ್ತದೆ. ಗೇನ್ ಎಷ್ಟಿರಬೇಕು ಅನ್ನುವುದು ಅಲ್ಲಿ ಬೇಗ ತಿಳಿಯುತ್ತದೆ.

ನನ್ನ ಟೋನಿನಲ್ಲಿ ಇನ್ನೂ ಸರಿಹೋಗದ ಒಂದು ಜಾಗ ಇದೆ. ದಪ್ಪ ತಂತಿಯನ್ನು ಜೋರಾಗಿ ಮೀಟಿದಾಗ ಸ್ವರ ಮೊದಲು ಸ್ವಲ್ಪ ಮೇಲೆ ಹಾರಿ, ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ಹಿಗ್ಗಿದ ತಂತಿಯ ಬಿಗಿತ ಆ ಕ್ಷಣಕ್ಕೆ ಜಾಸ್ತಿಯಾಗುವುದರಿಂದ ಹೀಗೆ. ಸೈನ್ ತರಂಗಕ್ಕೆ ಇದು ಗೊತ್ತಿಲ್ಲ. ಅದು ಶುರುವಿನಿಂದಲೂ ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ಪ್ರತಿ ಹೊಡೆತದ ಆರಂಭದಲ್ಲಿ ಇಬ್ಬರ ನಡುವೆ ಒಂದು ಸಣ್ಣ ತಿಕ್ಕಾಟ ಕೇಳುತ್ತದೆ, ಬೆಸುಗೆ ಬಿಟ್ಟ ಹಾಗೆ. ಈಗ ಸಿಂಥ್‌ಗೂ ಒಂದು ಪಿಚ್ ಎನ್ವಲಪ್ ಕೊಟ್ಟಿದ್ದೇನೆ, ತಂತಿಯ ಹಾಗೆಯೇ ಮೇಲಿನಿಂದ ಇಳಿಯಲಿ ಅಂತ. ಎಷ್ಟು ಸೆಂಟ್ (ಅರ್ಧಸ್ವರದ ನೂರನೆಯ ಪಾಲು) ಮೇಲಿಂದ, ಎಷ್ಟು ಮಿಲಿಸೆಕೆಂಡಿನಲ್ಲಿ ಅನ್ನುವುದು ಪ್ರತಿ ಹೊಡೆತಕ್ಕೂ ಬೇರೆ. ಜೋರಾಗಿ ಮೀಟಿದಾಗ ಜಾಸ್ತಿ, ಮೆಲ್ಲಗೆ ಮೀಟಿದಾಗ ಕಡಿಮೆ. ಡಿಐ ಸಿಗ್ನಲ್‌ನ ಎತ್ತರವನ್ನೇ ಆ ಎನ್ವಲಪ್‌ಗೆ ಜೋಡಿಸಿದರೆ ಎರಡೂ ಒಂದೇ ಕೈಯಿಂದ ಹೊಮ್ಮಿದ ಹಾಗೆ ಕೇಳಬೇಕು. ಸದ್ಯ ಆ ವೈರಿಂಗ್ ಮಾಡುತ್ತಿದ್ದೇನೆ.